ಶಹರದ ಮಂದಿ ನಕ್ಕೋತನೇ ಬೈತಾರ

ಒಂದು ಹುಡುಗಿಯ ಕೈ. ಮಕ್ಕಳಿಗೆ ಮ್ಯೂಸಿಯಂ ತೋರಿಸಿಕೊಂಡು ಬಂದ ಆ ದಿನಕ್ಕೆ ತಗುಲಿದ ಖರ್ಚು ಅದು. ಬಸ್ಸಿನ ಟಿಕೀಟು, ಒಳಗೆ ಹೋಗುವ ಟಿಕೀಟು, ಹೊರಗೆ ಬಂದು ಕೊಡಿಸಿದ ಐಸ್‌ಕ್ರೀಮು — ಅವೆಲ್ಲ ಖರ್ಚೇ ಅಲ್ಲ, ಎಲ್ಲದರಲ್ಲೂ ಚೌಕಾಶಿ ಮಾಡಿ ಉಳಿಸಿದ್ದೆ. ಕೈ ಎಂದರೆ ಮುರಿಯಿತು ಅಂತಲ್ಲ. ಕೈ ಈಗಲೂ ಇದೆ. ರೊಟ್ಟಿ ಬಡಿಯುತ್ತದೆ, ಗುಂಡಿ ಹಚ್ಚುತ್ತದೆ. ಆದರೆ ಅದು ಏನು ಮಾಡಲು ಹುಟ್ಟಿತ್ತೋ ಅದನ್ನು ಮಾಡದ ಹಾಗೆ ನಾನು ತಡೆದೆ. ಒಂದು ಸುಳ್ಳು ಹೇಳಿ. ಯಾಕೆಂದರೆ ನನ್ನ ಅಂಗಡಿಗೆ ಆ ಕೈ ಬೇಕಾಗಿತ್ತು. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ನನ್ನನ್ನು ಉಳಿಸಲು ಬರಬೇಡಿ — ಹಾಗೆ ಬಂದವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಬೀದರದಲ್ಲಿ ನನ್ನದು ಬ್ಲೌಸ್ ಅಂಗಡಿ. ಮದುವೆಯ ಬ್ಲೌಸುಗಳಿಗೆ ಜರಿ, ಮಣಿ ಹಾಕಿ ಕಸೂತಿ ಮಾಡಿಕೊಡುತ್ತೇವೆ. ಗಂಡ ತೀರಿಕೊಂಡಾಗ ನನ್ನ ಹತ್ತಿರ ಇದ್ದದ್ದು ಒಂದು ಹಳೆಯ ಹೊಲಿಗೆ ಯಂತ್ರ, ಎರಡು ಮಕ್ಕಳು, ಮತ್ತು ಬಾಯಿ. ಬಾಯಿಯೇ ನನ್ನ ಬಂಡವಾಳ. ಕನ್ನಡ, ಮರಾಠಿ, ನಮ್ಮ ಕಡೆಯ ಉರ್ದು, ಹಿಂದಿ, ತೆಲುಗು — ಐದರಲ್ಲೂ ದರ ಇಳಿಸಬಲ್ಲೆ. ತೆಲುಗನ್ನು ಹೈದರಾಬಾದಿನ ಜರಿ ಬಜಾರದಲ್ಲಿ ಕಲಿತೆ. ಅಂಗಡಿಯವರು ತಮ್ಮತಮ್ಮಲ್ಲೇ ತೆಲುಗಿನಲ್ಲಿ ಖರೇ ದರ ಮಾತಾಡಿಕೊಳ್ಳುತ್ತಾರೆ ಎಂದು ಗೊತ್ತಾದ ದಿನದಿಂದ ಕಿವಿಗೊಟ್ಟು ಕಲಿತೆ. ಇದನ್ನು ಯಾಕೆ ಹೇಳುತ್ತೇನೆ ಎಂದರೆ, ಯಾವುದರ ಮೇಲೆ ನನಗೆ ಹೆಮ್ಮೆ ಇತ್ತೋ ಅದರಿಂದಲೇ ಕೆಟ್ಟದ್ದು ಮಾಡಿದೆ. ಬಾಯಿಯಿಂದಲೇ.

ಆ ಹುಡುಗಿ ಮಾಳಮ್ಮ, ಮನೆಯಲ್ಲಿ ಕರೆಯುವುದು ಮಾಳಿ ಎಂದು, ನನ್ನ ಸ್ವಂತ ಅಕ್ಕನ ಮಗಳು. ಅಕ್ಕನನ್ನು ಔರಾದ ತಾಲ್ಲೂಕಿನ ಡಾಬಕಾಕ್ಕೆ ಕೊಟ್ಟಿದ್ದರು. ಕುರಿ ಸಾಕಿದ ಮನೆ. ಭಾವ ವರ್ಷದಲ್ಲಿ ಅರ್ಧ ಮಂದೆಯ ಹಿಂದೆಯೇ ಇರುತ್ತಿದ್ದ. ಮಂದೆಗಳು ಒಂದಕ್ಕೊಂದು ಬೆರೆತರೆ ಗೊತ್ತಾಗಲಿ ಎಂದು ಅಲ್ಲಿ ಕುರಿಗಳ ಬೆನ್ನಿಗೆ ಜಾಜು ಹಚ್ಚುತ್ತಾರೆ — ಕೆಂಪು ಮಣ್ಣು ಕಲಸಿ ಒಂದು ಗುರುತು. ಅಕ್ಕನ ಮನೆಯದು ಒಂದು ಅಡ್ಡಗೀಟು. ಮಕ್ಕಳ ಕೆಲಸ ಅದು. ಮಾಳಿಗೆ ಡಬ್ಬಿ ಕೊಟ್ಟು ಕೂರಿಸಿದರೆ ಒಂದು ಕುರಿಯ ಮೇಲೆ ನವಿಲು, ಇನ್ನೊಂದರ ಮೇಲೆ ಜೋಳದ ತೆನೆ, ಮತ್ತೊಂದರ ಮೇಲೆ ಆ ಕುರಿಯದೇ ಮೋರೆ! ಭಾವ ತಲೆ ಚಚ್ಚಿಕೊಳ್ಳುತ್ತಿದ್ದ.

"ಏ ಹುಡುಗಿ, ಮಂದಿ ಕುರಿ ಕೇಳಿದ್ರ ನಾ ಏನ್ ಹೇಳ್ಲಿ? ನವಿಲಿಂದೂ ನಂದೇ, ತೆನಿದೂ ನಂದೇ, ಮಾರಿ ಬರೆದಿದ್ದೂ ನಂದೇ ಅಂತ ಹೇಳ್ಲ್ಯಾ?"

"ಹೌದ್ ಅನ್ನಪ್ಪ. ಎಲ್ಲಾ ನಮ್ಮವೇ ಅವ ಅಲ್ಲ?" ಎನ್ನುತ್ತಿದ್ದಳು.

ಹತ್ತು ಹನ್ನೊಂದರ ವಯಸ್ಸಿನಲ್ಲಿ ಅಕ್ಕ ಅವಳನ್ನು ನನ್ನ ಮನೆಯಲ್ಲಿ ಬಿಟ್ಟಳು. "ಕುರಿ ಹಿಂದ ತಿರುಗೂದು ನಮ್ಮ ಕಾಲಕ್ಕ ಮುಗೀಲಿ ತಂಗಿ. ಇಕಿಗಿ ಸಾಲಿ ಕಲಸು. ಕೈಯಾಗ ಏನರ ಒಂದು ವಿದ್ಯಾ ಇರ್ಲಿ." ಅಕ್ಕ ನನ್ನ ಕೈ ಹಿಡಿದು ಹೇಳಿದ ಮಾತು. ನಾನು ಹೂಂ ಅಂದೆ. ಶಾಲೆಗೆ ಹಾಕಿದೆ ಕೂಡ. ಆದರೆ ಶಾಲೆ ಬಿಟ್ಟ ಮೇಲೆ ಅಂಗಡಿ, ರಜೆ ಎಂದರೆ ಅಂಗಡಿ, ಮದುವೆಯ ದಿನಗಳು ಬಂದರೆ ಶಾಲೆಯೂ ಅಂಗಡಿಯೇ. ಬಟ್ಟೆಯನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದು ಸೀಮೆಸುಣ್ಣದಿಂದ ಚಿತ್ರ ಬರೆದುಕೊಂಡ ಮೇಲೆ ಸೂಜಿ ಇಳಿಸಬೇಕು. ಬೇರೆ ಅಂಗಡಿಯವರು ಕಾಗದದ ಅಚ್ಚು ಇಟ್ಟು ಬರೆಯುತ್ತಿದ್ದರು, ಊರಿಗೆಲ್ಲ ಒಂದೇ ಹೂವು. ನನ್ನ ಅಂಗಡಿಯಲ್ಲಿ ಮಾಳಿ ಅಚ್ಚಿಲ್ಲದೆ ಬರೆಯುತ್ತಿದ್ದಳು. ಒಬ್ಬ ಮದುಮಗಳ ತೋಳಿನ ಮೇಲೆ ಇದ್ದದ್ದು ಇನ್ನೊಬ್ಬಳ ತೋಳಿನ ಮೇಲೆ ಇರುತ್ತಿರಲಿಲ್ಲ. ಭಾಲ್ಕಿಯಿಂದ, ಭಾತಂಬ್ರಾದಿಂದ, ಔರಾದದಿಂದ ಜನ ಬರತೊಡಗಿದರು. "ಕಸ್ತೂರಿಬಾಯಿ, ನಿಮ್ಮ ಕೈಯಾಗ ಜಾದೂ ಅದ ನೋಡ್ರಿ!" ಎನ್ನುತ್ತಿದ್ದರು. ನನ್ನ ಕೈಯಂತೆ! ನಾನು ನಕ್ಕು ದರ ಹೇಳುತ್ತಿದ್ದೆ.

ಈಗ ಆ ದಿನಕ್ಕೆ ಬರುತ್ತೇನೆ. ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಆಗಿರಬೇಕು. ದೀಪಾವಳಿ ಮುಗಿದಿತ್ತು, ಮದುವೆಗಳು ಸುರುವಾಗುವುದಿತ್ತು. ಜರಿ, ಮಣಿ ತರಲು ಹೈದರಾಬಾದಿಗೆ ಹೊರಟೆ. ನನ್ನ ಮಗ, ಮಗಳು ಗಂಟುಬಿದ್ದರು — ಅವರ ವರ್ಗದ ಯಾರೋ ಮ್ಯೂಸಿಯಂ ನೋಡಿ ಬಂದಿದ್ದರಂತೆ, ಗಡಿಯಾರದೊಳಗಿಂದ ಸಣ್ಣ ಮನುಷ್ಯ ಹೊರಗೆ ಬಂದು ಗಂಟೆ ಬಾರಿಸುತ್ತಾನಂತೆ. ಸರಿ, ಬರ್ರಿ ಅಂದೆ. ಮಾಳಿಯನ್ನು ಕರೆದುಕೊಂಡದ್ದು ಪ್ರೀತಿಯಿಂದಲ್ಲ, ಸಾಮಾನು ಹಿಡಿಯಲು ಒಂದು ಜೀವ ಬೇಕಾಗಿತ್ತು.

ಟಿಕೀಟಿನ ಕಿಟಕಿಯ ಹತ್ತಿರ ಸಾಲು. ಮಾಳಿಗೆ ಹದಿಮೂರು ನಡೆದಿತ್ತು, ಬೆಳವಣಿಗೆಯೂ ಚೆನ್ನಾಗಿತ್ತು. "ಮೊಳಕಾಲು ಸ್ವಲ್ಪ ಬಗ್ಗಿಸಿ ನಿಂದ್ರು, ಮಕ್ಕಳ ಟಿಕೀಟಿನಾಗ ಹೋಗ್ತಿ," ಅಂದೆ. ಅವಳು ಲಂಗದೊಳಗೆ ಮೊಳಕಾಲು ಬಗ್ಗಿಸಿ ನಿಂತಳು. ನನ್ನ ಮಗ ನಕ್ಕ. "ಅವ್ವ, ಇನ್ನೊಂದಿಷ್ಟು ಬಗ್ಗಿಸಿದ್ರ ಪುಕಟ ಹೋಗ್ತಾಳ." ಎಲ್ಲರೂ ನಕ್ಕೆವು, ಮಾಳಿಯೂ ನಕ್ಕಳು. ಕಿಟಕಿ ದಾಟಿದ ಮೇಲೂ ನಾನು ಹೇಳುವ ತನಕ ಬಗ್ಗಿಕೊಂಡೇ ನಡೆದಳು. ಆಗ ಅದು ತಮಾಷೆ ಅನ್ನಿಸಿತ್ತು. ಈಗ ನೆನಪಾದರೆ ನನ್ನ ಕೆನ್ನೆಗೆ ನಾನೇ —

ಇರಲಿ.

ನೀವು ಆ ಮ್ಯೂಸಿಯಂ ನೋಡಿದ್ದರೆ ಗೊತ್ತಿರುತ್ತದೆ: ಮೂಸಿ ನದಿಯ ದಂಡೆ, ಕೋಣೆಯ ಹಿಂದೆ ಕೋಣೆ. ಮುಸುಕು ಹೊದ್ದ ಅಮೃತಶಿಲೆಯ ಹೆಣ್ಣು — ಕಲ್ಲಿನ ಮುಸುಕಿನೊಳಗಿಂದ ಮೋರೆ ಕಾಣುತ್ತದೆ. ನಮ್ಮ ಬೀದರದ ಕರಿ ಹೂಜಿಗಳೂ ಅಲ್ಲಿ ಗಾಜಿನೊಳಗೆ ಕುಳಿತಿವೆ. ನಾನು ಒಂದನ್ನೂ ನೆಟ್ಟಗೆ ನೋಡಲಿಲ್ಲ. ನನ್ನ ತಲೆಯಲ್ಲಿ ಬಜಾರು ಓಡುತ್ತಿತ್ತು. ಗಡಿಯಾರ ಬಾರಿಸುವ ಹೊತ್ತಾಯಿತು, ಓಡ್ರಿ ಅಂದೆ. ಮಕ್ಕಳನ್ನು ಜನರ ನಡುವೆ ಕೂರಿಸಿ ನೋಡುತ್ತೇನೆ — ಮಾಳಿ ಇಲ್ಲ.

ಚಿತ್ರಗಳ ಕೋಣೆಯಲ್ಲಿ ಸಿಕ್ಕಳು. ಗೋಡೆಯ ಮೇಲೆ ಯಾವುದೋ ದೂರದ ದೇಶದ ದೊಡ್ಡ ಚಿತ್ರ: ಸಂಜೆಯ ಬೆಳಕು, ಇಳಿಜಾರು, ಮನೆಗೆ ಹೊರಟ ಕುರಿಮಂದೆ. ಅದರ ಎದುರಿಗೆ ನೆಲದ ಮೇಲೆ ಕುಳಿತುಬಿಟ್ಟಿದ್ದಳು. ಬ್ಲೌಸಿಗೆ ಗುರುತು ಹಾಕುವ ಸೀಮೆಸುಣ್ಣ ಅವಳ ಲಂಗದ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ಅದರಿಂದ ಕಲ್ಲಿನ ನೆಲದ ಮೇಲೆ ಬರೆಯುತ್ತಿದ್ದಳು. ನನ್ನನ್ನು ನೋಡಿ ಹೆದರಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಚಿಗವ್ವ, ಇವು ಇಷ್ಟು ಕುರಿ ಅವ, ಒಂದಕ್ಕೂ ಗುರುತು ಹಾಕಿಲ್ಲ ನೋಡು. ಕಳಕೊಂಡ್ರ ಹ್ಯಾಂಗ ಹುಡುಕ್ತಾರ?"

ನಾನು ನೆಲ ನೋಡಿದೆ. ಚಿತ್ರದಲ್ಲಿನ ಕುರಿಗಳಲ್ಲ ಅವು. ಡಾಬಕಾದ ಕುರಿಗಳು — ಜೋಲುಗಿವಿ, ತೆಳ್ಳನೆಯ ಕಾಲು. ಒಂದು ಕುರಿ ಹಿಂದೆ ತಿರುಗಿ ನಿಂತಿತ್ತು, ಮರಿ ಬಂತೋ ಇಲ್ಲವೋ ಎಂದು ನೋಡುವ ಹಾಗೆ. ಹೇಗೆ ಹೇಳಲಿ — ನಾನು ಬಟ್ಟೆಯವಳು, ಚಿತ್ರ ತಿಳಿಯುವುದಿಲ್ಲ. ಆದರೆ ನನಗೆ ಮಾಲು ತಿಳಿಯುತ್ತದೆ. ಒಳ್ಳೆಯ ಮಾಲು ಕಂಡರೆ ನನ್ನ ತಲೆ ತಾನಾಗಿ ದರ ಕಟ್ಟುತ್ತದೆ, ಆಗಲೂ ಕಟ್ಟಿತು.

ನನಗಿಂತ ಮೊದಲೇ ಒಬ್ಬ ಹೆಂಗಸು ಅಲ್ಲಿ ನಿಂತಿದ್ದಳು. ವಯಸ್ಸಾದವಳು, ಹತ್ತಿ ಸೀರೆ, ಉಗುರುಗಳ ಸಂದಿಯಲ್ಲಿ ಬಣ್ಣ. ಮೆಲ್ಲಗೆ ಬಗ್ಗಿ ಮಾಳಿಯ ತಲೆಯ ಮೇಲೆ ಕೈ ಇಟ್ಟಳು. ನಕ್ಕಳು. ನನ್ನ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದಳು:

"ಈ ಪಿಲ್ಲನಿ ನಾ ದಗ್ಗರ ವದಲಂಡಿ. ನೇನು ನೇರ್ಪಿಸ್ತಾನು."

ಈ ಹುಡುಗಿಯನ್ನು ನನ್ನ ಹತ್ತಿರ ಬಿಡಿ. ನಾನು ಕಲಿಸುತ್ತೇನೆ.

ಅಷ್ಟೇ ಅಲ್ಲ, ಇನ್ನೂ ಹೇಳಿದಳು. ತಾನು ಚಿತ್ರ ಕಲಿಸುವವಳು, ಮನೆ ಹತ್ತಿರದಲ್ಲೇ ಇದೆ, ದೂರದ ಊರುಗಳ ನಾಲ್ಕಾರು ಹುಡುಗಿಯರು ಅಲ್ಲೇ ಇದ್ದು ಓದುತ್ತಾರೆ. ಊಟ, ಶಾಲೆ ತನ್ನದೇ. ಬೇಕಾದರೆ ಈಗಲೇ ಮನೆ ನೋಡಲು ಬನ್ನಿ, ತಾಯಿಯನ್ನು ಕೇಳಿ ಬಂದರೂ ಆಯಿತು, ಬಾಗಿಲ ಕಾವಲುಗಾರನನ್ನು ಕೇಳಿದರೆ ಯಾವಾಗಲಾದರೂ ನನ್ನ ಮನೆ ತೋರಿಸುತ್ತಾನೆ ಅಂದಳು. ಕೊನೆಗೆ ನೆಲದ ಕುರಿಯನ್ನು ತೋರಿಸಿ, ಇದನ್ನು ನಾನು ಕಲಿಸಲಾರೆ, ಇದು ಅವಳಿಗೆ ಬಂದಿದೆ, ಮಿಕ್ಕದ್ದು ಕಲಿಸುತ್ತೇನೆ ಅಂದಳು.

ಮಾಳಿಗೆ ಕನ್ನಡ, ಮರಾಠಿ ಬರುತ್ತಿತ್ತು. ತೆಲುಗಿನ ಒಂದು ಅಕ್ಷರ ಬರುತ್ತಿರಲಿಲ್ಲ. ಒಮ್ಮೆ ಆ ಹೆಂಗಸನ್ನು, ಒಮ್ಮೆ ನನ್ನನ್ನು ನೋಡಿದಳು. "ಏನಂತಾರ ಚಿಗವ್ವ?"

ಗುರುತು ಪರಿಚಯ ಇಲ್ಲದವರ ಹತ್ತಿರ ಹೆಣ್ಣುಮಗುವನ್ನು ಬಿಡುತ್ತಾರೆಯೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಆ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ — ಬಂದಿದ್ದರೆ ನಾನು ಒಳ್ಳೆಯವಳಾಗುತ್ತಿದ್ದೆ. ನನ್ನ ತಲೆಗೆ ಬಂದದ್ದು ಇದು: ಮದುವೆಗಳು ಸುರುವಾಗುತ್ತವೆ, ಮುಂಗಡ ತೆಗೆದುಕೊಂಡಿದ್ದೇನೆ, ಇವಳು ಹೋದರೆ ಬ್ಲೌಸಿನ ಮೇಲೆ ಯಾರು ಬರೆಯುತ್ತಾರೆ?

"ನೆಲ ಹೊಲಸು ಮಾಡಿದಿ ಅಂತ ಬೈಲಿಕ್ಕತ್ತಾರ," ಅಂದೆ. "ಒರಸು. ಪೊಲೀಸರಿಗೆ ಕೊಡ್ತಾರಂತ."

ಮಾಳಿ ಆ ಹೆಂಗಸಿನ ಮೋರೆ ನೋಡಿದಳು. ಆ ಕೈ ಇನ್ನೂ ಅವಳ ತಲೆಯ ಮೇಲಿತ್ತು. "ಮತ್ತ ನಗಲಿಕ್ಕತ್ತಾರಲ್ಲ?"

"ಶಹರದ ಮಂದಿ ನಕ್ಕೋತನೇ ಬೈತಾರ."

ನೋಡಿ, ಎಷ್ಟು ಚಂದದ ಮಾತು! ಯೋಚಿಸದೆ ಬಂತು. ವ್ಯಾಪಾರದಲ್ಲಿ ಹಾಗೆ ತಟ್ಟನೆ ಬರುವ ಮಾತಿನಿಂದಲೇ ನಾನು ಮೇಲೆ ಬಂದವಳು.

ಮಾಳಿ ಲಂಗದ ಅಂಚು ಹಿಡಿದು ಒರೆಸತೊಡಗಿದಳು. ಮೊದಲು ಹಿಂದೆ ತಿರುಗಿ ನಿಂತ ಕುರಿ. ಆ ಹೆಂಗಸು ಅಯ್ಯೋ ಅಯ್ಯೋ ಎಂದು ಅವಳ ಕೈ ಹಿಡಿದಳು. ಅವಳು ಹಿಡಿದಷ್ಟೂ ಇವಳು ಹೆದರಿ ಇನ್ನೂ ಜೋರಾಗಿ ಒರೆಸಿದಳು. ಯಾಕೆ ಅಳಿಸುತ್ತಾಳೆ ಎಂದು ನನ್ನನ್ನು ಕೇಳಿದರೆ ನಾನು ತೆಲುಗಿನಲ್ಲಿ ಎರಡನೆಯ ಸುಳ್ಳು ಹೇಳಿದೆ: "ಅವಳ ತಾಯಿ ಬಿಡುವುದಿಲ್ಲಮ್ಮ. ಚಿತ್ರ ಗಿತ್ರ ಅಂದರೆ ಹೊಡೆಯುತ್ತಾಳೆ." ನನ್ನ ಅಕ್ಕ! ಮಗಳ ಕೈಯಲ್ಲಿ ವಿದ್ಯೆ ಇರಲಿ ಎಂದು ನನ್ನ ಕೈ ಹಿಡಿದ ಅಕ್ಕ. ಆ ಹೆಂಗಸಿನ ಮೋರೆ ಸಣ್ಣದಾಯಿತು. ಅವಳು ಮಾಳಿಯ ಕೈ ಬಿಟ್ಟಳು.

ಅಲ್ಲಿ ಗಡಿಯಾರ ಬಾರಿಸಿತು. ಮಕ್ಕಳು ಚಪ್ಪಾಳೆ ತಟ್ಟಿದ್ದು ಕೇಳಿಸಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಮಾಳಿ ಜರಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಲಂಗದ ಅಂಚು ಬೆಳ್ಳಗಾಗಿತ್ತು. ಆ ಹೆಂಗಸು ಹೇಳಿದ ಮಾತನ್ನು ಬಾಯೊಳಗೇ ಗುನುಗಿಕೊಳ್ಳುತ್ತಿದ್ದಳು — ಮಕ್ಕಳು ಅರ್ಥವಾಗದ ಬೈಗುಳವನ್ನು ಗುನುಗುತ್ತಾರಲ್ಲ, ಹಾಗೆ. ಸುಮ್ಮಕೂಡು ಅಂದೆ. ಸುಮ್ಮನಾದಳು.

ಅದೊಂದು ದಿನದ ತಪ್ಪಾಗಿದ್ದರೆ ಬೇರೆ ಮಾತು. ಜರಿ ತರಲು ನಾನು ಆ ಶಹರಕ್ಕೆ ಮತ್ತೆ ಮತ್ತೆ ಹೋಗುತ್ತಿದ್ದೆ. ಮ್ಯೂಸಿಯಂ ಬಾಗಿಲು ಬಜಾರದಿಂದ ಆಟೋದಲ್ಲಿ ಹೋಗುವಷ್ಟು ದೂರ. ಕಾವಲುಗಾರನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಈ ಮದುವೆಗಳು ಮುಗಿಯಲಿ, ಮುಂದಿನ ವರ್ಷ ನೋಡೋಣ, ಅವಳಿಗೂ ಈಗ ಬೇಕಿಲ್ಲವಲ್ಲ — ಹೀಗೆ. ಪ್ರತಿ ಸಲವೂ ಹೊಸದಾಗಿ ಸುಳ್ಳು ಹೇಳಿದ ಲೆಕ್ಕವೇ ಅದು, ಬಾಯಿ ಮುಚ್ಚಿಕೊಂಡು ಹೇಳಿದೆ ಅಷ್ಟೇ.

ಅವಳಿಗೆ ಬೇಕಿರಲಿಲ್ಲ, ಅದು ಖರೆ. ಆ ದಿನದ ನಂತರ ಮಾಳಿ ಗಿರಾಕಿ ಕೇಳಿದ್ದನ್ನು ಮಾತ್ರ ಬರೆದಳು. ನವಿಲು ಅಂದರೆ ನವಿಲು, ಕಮಲ ಅಂದರೆ ಕಮಲ. ಚಂದವೇ ಇರುತ್ತಿತ್ತು, ನನ್ನ ವ್ಯಾಪಾರ ಇನ್ನೂ ಬೆಳೆಯಿತು. ಆದರೆ ಹೈದರಾಬಾದಿಗೆ ಬಾ ಅಂದರೆ ಬರುತ್ತಿರಲಿಲ್ಲ. "ಬ್ಯಾಡ ಚಿಗವ್ವ, ಅಲ್ಲಿ ಬೈತಾರ."

ಒಂದು ಸಲ ಡಾಬಕಾಕ್ಕೆ ಹೋದಾಗ ಕುರಿಗಳಿಗೆ ಜಾಜು ಹಚ್ಚುವುದು ನಡೆದಿತ್ತು. ಅಕ್ಕ ಹಿಗ್ಗಿನಿಂದ ಹೇಳಿದಳು: "ನೋಡು ತಂಗಿ, ನಿನ್ನ ಮನ್ಯಾಗ ಇದ್ದು ಇಕಿ ಎಷ್ಟು ಶ್ಯಾಣಿ ಆಗ್ಯಾಳ! ಮೊದಲಿನಂಗ ನವಿಲಿಲ್ಲ ಗಿವಿಲಿಲ್ಲ. ಹೇಳಿದಂಗ ಒಂದು ಗೀಟು ಎಳೀತಾಳ, ಮುಗೀತು." ಮಾಳಿ ಒಂದರ ನಂತರ ಒಂದು ಕುರಿಯ ಬೆನ್ನಿನ ಮೇಲೆ ಗೀಟು ಎಳೆಯುತ್ತಿದ್ದಳು. ಎಲ್ಲ ಒಂದೇ ಉದ್ದ. ಭಾವ ನನಗೆ ಕೈ ಮುಗಿದ. ಕೈ ಮುಗಿದನ್ರೀ! ನಾನು ಆ ನಮಸ್ಕಾರವನ್ನು ತೆಗೆದುಕೊಂಡೆ. ಅವರು ಕಟ್ಟಿಕೊಟ್ಟ ತುಪ್ಪವನ್ನೂ ತೆಗೆದುಕೊಂಡು ಬಂದೆ.

ಮಾಳಿಯ ಮದುವೆ ನಾನೇ ಮುಂದೆ ನಿಂತು ಮಾಡಿದೆ. ಭಾಲ್ಕಿಯ ಹುಡುಗ, ಒಳ್ಳೆಯ ಮನೆ. ಬಂದವರೆಲ್ಲ "ಅಕ್ಕನ ಮಗಳನ್ನ ಹೊಟ್ಟಿ ಮಗಳಂಗ ಸಾಕಿದ್ರಿ" ಎಂದು ಹೊಗಳಿದರು. ಅವರ ಮೇಲೆ ನನಗೆ ಇವತ್ತೂ ಸಿಟ್ಟಿದೆ. ಯಾರೊಬ್ಬರಾದರೂ, "ಸಾಕಿದಿರಿ, ಸರಿ — ಸಾಲಿ ಯಾಕ ಅರ್ಧಕ್ಕ ಬಿಡಿಸಿದ್ರಿ?" ಎಂದು ಕೇಳಿದ್ದರೆ! ಕೇಳಲಿಲ್ಲ. ದುಡಿಯುವ ಹೆಂಗಸನ್ನು ಕಂಡರೆ ನಮ್ಮ ಜನ ಹೊಗಳಿ ಹೊಗಳಿ ಹಾಳು ಮಾಡುತ್ತಾರೆ. ಅವಳ ಸೆರಗಿನ ಕೆಳಗೆ ಯಾರ ದುಡಿತ ಇದೆ ಎಂದು ಯಾರೂ ಎತ್ತಿ ನೋಡುವುದಿಲ್ಲ.

ಮಾಳಿಯ ಅತ್ತೆಯ ತವರು ನಾರಾಯಣಖೇಡದ ಕಡೆ. ಅದಕ್ಕೆ ಗಂಡನ ಮನೆಯಲ್ಲೂ ತೆಲುಗೇ ಮಾತು. ಇದನ್ನು ಮದುವೆಯ ಮಾತುಕತೆಯಲ್ಲೇ ಕೇಳಿದ್ದೆ. ಕೇಳಿಯೂ ನನಗೆ ಏನೂ ಹೊಳೆಯಲಿಲ್ಲ — ಐದು ಭಾಷೆಯ ಶ್ಯಾಣಿಗೆ!

ಈ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳು ಮ್ಯೂಸಿಯಂ ಎಂದು ಹಟ ಹಿಡಿದರು. ಕಾರು ಮಾಡಿದೆ. ಮಾಳಿಗೂ ಫೋನ್ ಮಾಡಿ, ಮಗಳನ್ನು ಕರೆದುಕೊಂಡು ಬಾ ಅಂದೆ. ಬರುವುದಿಲ್ಲ ಎಂದುಕೊಂಡಿದ್ದೆ. "ಬರ್ತೇನಿ" ಅಂದಳು. ಅವಳ ಮಗಳು ಶ್ರಾವಣಿ, ಒಂಬತ್ತು ವರ್ಷದವಳು, ದಾರಿಯುದ್ದಕ್ಕೂ ಕಾರಿನ ಗಾಜಿಗೆ ಕೂತ ಧೂಳಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದಳು. ನಾನು ನೋಡಿದೆ. ಮಾಳಿಯೂ ನೋಡಿದಳು.

ಆ ಕೋಣೆ ಹಾಗೇ ಇತ್ತು. ಅದೇ ಗೋಡೆ, ಅದೇ ಸಂಜೆ, ಅದೇ ಕುರಿಗಳು. ಶ್ರಾವಣಿ ಅದರ ಎದುರಿಗೆ ನಿಂತವಳು ನಿಂತೇ ಬಿಟ್ಟಳು, ಆಮೇಲೆ ನೆಲಕ್ಕೆ ಕುಳಿತಳು. ಕಾವಲಿನ ಹೆಂಗಸೊಬ್ಬಳು ಹತ್ತಿರ ಬಂದು ನಗುತ್ತ ತೆಲುಗಿನಲ್ಲಿ ಏನೋ ಹೇಳಿದಳು — ದಾರಿಯಲ್ಲಿ ಕೂರಬೇಡ ಕೂಸೇ, ತುಳಿದಾರು, ಆ ಬೆಂಚಿನ ಮೇಲೆ ಕುಳಿತು ಬೇಕಾದಷ್ಟು ಹೊತ್ತು ನೋಡು ಎಂದು. ಹಳೆಯ ಚಾಳಿ ನನಗೆ. ನಾನು ಮಾಳಿಯ ಕಡೆ ತಿರುಗಿ, "ಏನಂತಾರ ಅಂದ್ರ —" ಎಂದು ಬಾಯಿ ತೆರೆದೆ.

"ನೀ ಸುಮ್ಮನಿರು ಚಿಗವ್ವ. ನನಗ ತೆಲುಗು ಬರ್ತದ."

ಜೋರಾಗಿ ಅನ್ನಲಿಲ್ಲ. ಚಿತ್ರದ ಕಡೆಗೇ ನೋಡುತ್ತ ಅಂದಳು. ಆಮೇಲೆ ಅದೇ ಮಾತು, ಒಂದು ಅಕ್ಷರ ಆಚೀಚೆ ಆಗದೆ: "ಈ ಪಿಲ್ಲನಿ ನಾ ದಗ್ಗರ ವದಲಂಡಿ. ನೇನು ನೇರ್ಪಿಸ್ತಾನು."

ಆ ಬೆಂಚಿನ ಮೇಲೆ ನಾನೇ ಹೋಗಿ ಕುಳಿತೆ.

"ಬೈಗುಳ ಅಂತ ನೆನಪಿಟ್ಟಿದ್ದೆ," ಅಂದಳು. "ಯಾರರೆ ಮ್ಯಾಲ ಸಿಟ್ಟು ಬಂದ್ರ ಮನಸಿನಾಗ ಅದನ್ನೇ ಅಂತಿದ್ದೆ. ಮದಿವಿ ಆಗಿ ಒಂದು ವರ್ಷಕ್ಕ ನಮ್ಮ ಅತ್ತಿ, ಬಾಜೂ ಮನಿ ಹುಡುಗಿ ಹೊಲಿಗಿ ಕಲೀತೀನಿ ಅಂದ್ರ ಅಕಿ ಅವ್ವಗ ಇದೇ ಮಾತು ಅಂದ್ರು. ನಾ ರೊಟ್ಟಿ ಬಡೀಲಿಕ್ಕತ್ತಿದ್ದೆ. ಏನಂದ್ರಿ ಅತ್ತಿ, ಇನ್ನೊಮ್ಮೆ ಹೇಳ್ರಿ ಅಂದೆ. ಹೇಳಿದ್ರು. ಹೆಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ಹೋಯ್ತು."

ಅಂದರೆ ಹತ್ತು ಹನ್ನೊಂದು ವರ್ಷದಿಂದ ಅವಳಿಗೆ ಗೊತ್ತು. ಅಷ್ಟೂ ವರ್ಷ ಹಬ್ಬಕ್ಕೆ ನನ್ನ ಮನೆಗೆ ಬಂದಿದ್ದಾಳೆ, ಕಾಲು ಮುಟ್ಟಿದ್ದಾಳೆ, ನನ್ನ ಕೈಯ ಹೋಳಿಗೆ ತಿಂದಿದ್ದಾಳೆ. ನನ್ನ ಮೋರೆ ನೋಡಿದಾಗಲೆಲ್ಲ ಗೊತ್ತಿತ್ತು.

ಆಗ ನಾನು ಏನು ಮಾಡಿದೆ? ತಪ್ಪಾಯಿತು ಅಂದೆನೇ? ಇಲ್ಲ. ಹೇಳಲು ನಾಚಿಕೆ, ಆದರೂ ಹೇಳಬೇಕು — ಇದನ್ನೂ ಮುಚ್ಚಿಟ್ಟರೆ ಬರೆದು ಏನು ಪ್ರಯೋಜನ? ನಾನು ಅಂದದ್ದು ಇದು: "ಶ್ರಾವಣಿನ ಚಿತ್ರದ ಕ್ಲಾಸಿಗಿ ಹಾಕಮು. ಫೀಸ್ ಎಲ್ಲಾ ನಾನೇ ಕಟ್ತೇನಿ. ಎಲ್ಲಿ ತನಕ ಕಲೀತಾಳ ಅಲ್ಲಿ ತನಕ."

ಮಾಳಿ ಮೊದಲ ಸಲ ನನ್ನ ಕಡೆ ತಿರುಗಿದಳು. ನಕ್ಕಳು. ಆ ನಗು — ಶಹರದ ಮಂದಿ ಹೇಗೆ ಬೈಯುತ್ತಾರೆ ಎಂದು ನಾನು ಹೇಳಿಕೊಟ್ಟಿದ್ದೆನಲ್ಲ, ಅದೇ.

"ಇದಕ್ಕ ನಾ ಇಷ್ಟು ದಿನ ಬಾಯಿ ಬಿಟ್ಟಿಲ್ಲ ನೋಡು. ನಾ ಬೈದ್ರ ನೀ ಅದಕ್ಕೂ ಒಂದು ರೇಟು ಹೇಳ್ತಿ ಅಂತ ಗೊತ್ತಿತ್ತು."

ಬೈದಿದ್ದರೆ ನಾನು ಒಂದಕ್ಕೆ ಎರಡು ಮಾತು ಆಡುತ್ತಿದ್ದೆ, ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ, ಏನಾದರೂ ಕೇಳಿದ್ದರೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ಅವಳು ಏನೂ ಕೇಳಲಿಲ್ಲ. ದರವನ್ನೇ ಹೇಳದವರ ಜೊತೆ ಹೇಗೆ ಚೌಕಾಶಿ ಮಾಡುವುದು? ಜೀವನವೆಲ್ಲ ವ್ಯಾಪಾರ ಮಾಡಿದ ನನಗೆ ಅದು ಗೊತ್ತಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟು ಎಷ್ಟೆಂದರೆ, ಆ ಕೋಣೆಯಲ್ಲಿ ಜನ ಇರದಿದ್ದರೆ ಗೋಡೆಗೆ ತಲೆ ಹೊಡೆದುಕೊಳ್ಳುತ್ತಿದ್ದೆ. ಅದೂ ಒಂದು ಚೌಕಾಶಿಯೇ. ನೋವು ತೋರಿಸಿ ತಪ್ಪು ಇಳಿಸಿಕೊಳ್ಳುವುದು.

ಬಾಗಿಲ ಹತ್ತಿರದ ಕಾವಲುಗಾರನನ್ನು ಕೇಳಿದೆ. ಹತ್ತಿ ಸೀರೆ, ಉಗುರಿನಲ್ಲಿ ಬಣ್ಣ, ಚಿತ್ರ ಕಲಿಸುತ್ತಿದ್ದವರು — ಹುಡುಗ ಹೊಸಬ. ಯಾರಮ್ಮ, ಗೊತ್ತಿಲ್ಲ ಅಂದ. ಕೇಳಬೇಕಾದ ಕಾಲದಲ್ಲಿ ಕೇಳದೆ ಈಗ ಕೇಳಿದರೆ ಇಷ್ಟೇ ಸಿಗುವುದು.

ಮುಂದಿನ ವಾರ ಡಾಬಕಾಕ್ಕೆ ಹೋದೆ. ಅಕ್ಕನಿಗೆ ಓದಲು ಬರುವುದಿಲ್ಲ. ಅವಳಿಗೆ ಬಾಯಿಂದಲೇ ಹೇಳಬೇಕು, ಬರೆದು ಪಾರಾಗುವ ಹಾಗಿಲ್ಲ. ಎಲ್ಲ ಹೇಳಿದೆ. ಮೊದಲ ಸುಳ್ಳನ್ನು ಅಕ್ಕ ನೆಲ ನೋಡುತ್ತ ಕೇಳಿದಳು. ಎರಡನೆಯದು ಕೇಳಿದಾಗ ತಲೆ ಎತ್ತಿದಳು.

"ನಾ ಬಿಡೂದಿಲ್ಲ ಅಂತ ಹೇಳಿದಿ? ನನ್ನ ಹೆಸರ ಮ್ಯಾಲ ಇಲ್ಲ ಅಂದಿ?"

"ಹೂಂ ಅಕ್ಕ."

"ನಾ ಹೊಡೀತೇನಿ ಅಂತ ಹೇಳಿದಿ? ಒಂದು ದಿನ ಅಕಿ ಮೈ ಮ್ಯಾಲ ಕೈ ಎತ್ತಿಲ್ಲ ನಾ."

ಎದ್ದಳು. ಸೆರಗು ಕೊಡವಿಕೊಂಡು ಕುರಿಹಟ್ಟಿಯ ಕಡೆ ಹೋದಳು. ಚಹಾ ಕುಡಿ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಬಸ್ಸು ಬರುವ ತನಕ ಕಟ್ಟೆಯ ಮೇಲೆ ಕುಳಿತಿದ್ದು ಬಂದೆ. ಈ ಸಲ ತುಪ್ಪ ಕಟ್ಟಿಕೊಡಲಿಲ್ಲ. ಸರಿಯಾಯಿತು.

ಮಾಳಿ ಮಗಳನ್ನು ಕ್ಲಾಸಿಗೆ ಹಾಕಿದ್ದಾಳೆ, ತನ್ನ ದುಡ್ಡಿನಿಂದ. ತಾನು ಮತ್ತೆ ಬರೆಯುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕು ನನಗಿಲ್ಲ. ಅಂಗಡಿಯ ಫಲಕದ ಮೇಲಿನ ನವಿಲು ಅವಳು ಬರೆದದ್ದು. ನನ್ನ ಹೆಸರಿನ ಪಕ್ಕದಲ್ಲಿದೆ. ಈಗ ಅದರ ಕೆಳಗೆ ಅವಳ ಹೆಸರು ಬರೆಸಿದ್ದೇನೆ. ಅವಳಿಗೆ ಹೇಳಿಲ್ಲ. ಹೇಳಿದರೆ ಅದೂ ರೇಟು ಆಗುತ್ತದೆ.

ಕೊನೆಗೆ, ನೀವು ಮಕ್ಕಳನ್ನು ಕರೆದುಕೊಂಡು ಅಂಥ ಕಡೆ ಹೋಗುವವರಿದ್ದರೆ ನನ್ನ ನಾಲ್ಕು ಮಾತು ಕೇಳಿ. ಉಪದೇಶ ಮಾಡುವ ಚಾಳಿ ನನಗೆ ಮೊದಲಿನಿಂದ ಇದೆ, ಈ ಒಂದು ಸಲ ಅದು ದುಡಿದು ಗಳಿಸಿದ್ದು. ಬೀದರದಿಂದ ನಸುಕಿನ ಬಸ್ಸಿಗೇ ಹೊರಡಿ, ಹೊತ್ತೇರಿದ ಮೇಲೆ ಜನ ಜಾಸ್ತಿ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ, ಹೊರಗೆ ಕುಳಿತು ಉಣ್ಣಿ. ಅದೇ ದಿನ ಬಜಾರು ಇಟ್ಟುಕೊಳ್ಳಬೇಡಿ. ತಲೆಯಲ್ಲಿ ಬಜಾರು ಇದ್ದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಬೆಳೆದ ಮಗುವಿಗೆ ಪೂರ್ತಿ ಟಿಕೀಟು ಕೊಂಡು ನೆಟ್ಟಗೆ ನಿಲ್ಲಲು ಬಿಡಿ. ಎಲ್ಲ ಕೋಣೆ ನೋಡಿ ಮುಗಿಸಬೇಕೆಂದು ಓಡಿಸಬೇಡಿ. ಗಡಿಯಾರ ಮುಂದಿನ ಗಂಟೆಗೂ ಬಾರಿಸುತ್ತದೆ, ಮಗು ಎಲ್ಲಿ ನಿಂತಿತೋ ಅಲ್ಲಿ ನೀವೂ ನಿಲ್ಲಿ. ಜೇಬಿನಲ್ಲಿ ಒಂದು ಕಾಗದ, ಒಂದು ಪೆನ್ಸಿಲ್ ಇರಲಿ, ನೆಲದ ಮೇಲೆ ಬರೆಯುವ ಪಾಳಿ ಬರಬಾರದು.

ಇನ್ನು, ಯಾರಾದರೂ ನಿಮ್ಮ ಮಗುವಿನ ತಲೆಯ ಮೇಲೆ ಕೈ ಇಟ್ಟು ಅದಕ್ಕೆ ತಿಳಿಯದ ಭಾಷೆಯಲ್ಲಿ ಒಂದು ಮಾತು ಹೇಳಿದರೆ, ಆ ಮಾತನ್ನು ಇದ್ದದ್ದು ಇದ್ದ ಹಾಗೆ ಮಗುವಿಗೆ ಹೇಳಿ. ನಿಮಗೆ ನಷ್ಟವಾಗುವ ಮಾತಾದರೆ ಇನ್ನೂ ಬೇಗ ಹೇಳಿ. ಆಮೇಲೆ ಬೇಕಾದರೆ ಮನೆ ನೋಡಿ ಬನ್ನಿ, ನಾಲ್ಕು ಜನರನ್ನು ವಿಚಾರಿಸಿ. ಅಷ್ಟಾದ ಮೇಲೂ ಬೇಡ ಅನ್ನಿಸಿದರೆ ಬೇಡ ಅನ್ನಿ — ನಿಮ್ಮ ಬಾಯಿಂದ, ನಿಮ್ಮ ಹೆಸರಿನ ಮೇಲೆ, ಮಗುವಿಗೆ ಕೇಳಿಸುವ ಹಾಗೆ.